ಆಯುಧಪೂಜೆಯ ಕ್ಯಾಲೆಂಡರ್

ಪೀಣ್ಯ, ೯ ಜುಲೈ ೨೦೧೨

ಮಾಲೀಕರಾದ ವೆಂಕಟರಮಣಪ್ಪನವರಿಗೆ ನಮಸ್ಕಾರ.

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ನಾನು ರೂಪಿಸಿದ ರೊಟ್ಟಿ ಯಂತ್ರದ ವಿನ್ಯಾಸವನ್ನು ನಿಮಗೆ ಬರೆದುಕೊಡಲು ಒಪ್ಪದಿದ್ದಾಗ, ನಿಮ್ಮ ತಮ್ಮ ನನ್ನ ಬಲಗೈಯನ್ನು ತಗಡು ಒತ್ತುವ ಪ್ರೆಸ್ಸಿನಡಿ ಹಿಡಿದ. “ಸೈನ್ ಹಾಕ್ತೀಯೋ, ಒತ್ಲೋ?” ಎಂದಿರಿ. ಒತ್ತಿಯೇ ಬಿಟ್ಟಿರಿ. ಮೂರು ಬೆರಳು ಹೋದವು. ಮಾರ್ಚಿನಲ್ಲಿ ವಿನ್ಯಾಸವನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿದಿರಿ.

ಆದರೆ ಆಯುಧಪೂಜೆಯಲ್ಲಿ ಕುಂಕುಮವಿಟ್ಟ ಅದೇ ಯಂತ್ರದ ಫೋಟೊವನ್ನು ಕ್ಯಾಲೆಂಡರಿಗೆ ಹಾಕಿಸಿ, ಜನವರಿಯಲ್ಲೇ ಗಿರಾಕಿಗಳಿಗೆಲ್ಲ ಹಂಚಿದವರು ನೀವೇ. ನೋಂದಣಿಗೆ ಮೊದಲೇ ಬಯಲಾದ ವಿನ್ಯಾಸ ಯಾರ ಸ್ವತ್ತೂ ಅಲ್ಲವಂತೆ. ನಿಮ್ಮ ನೋಂದಣಿ ರದ್ದಾಗುತ್ತದೆ ಎಂದು ವಕೀಲರು ಹೇಳಿದರು. ಇನ್ನದು ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ನನ್ನ ಕ್ಯಾಲೆಂಡರನ್ನು ಅವರು ಸಾಕ್ಷಿಗೆ ಇಟ್ಟುಕೊಂಡಿದ್ದಾರೆ. ಇನ್ನೊಂದಿದ್ದರೆ ಕಳಿಸಿಕೊಡಿ, ನನ್ನ ಹೆಂಡತಿ ರುಕ್ಮವ್ವನಿಗೆ ಬೇಕಂತೆ. ಆ ಫೋಟೊದಲ್ಲಿ ಯಂತ್ರದ ಮೇಲಿರುವ ಬಲಗೈ ನನ್ನದು. ಐದೂ ಬೆರಳಿವೆ.

ಇಂತಿ,
ನಿಮ್ಮಲ್ಲಿ ಟರ್ನರ್ ಆಗಿದ್ದ
ಪರಮಾನಂದ