ಡ್ರಿಲ್ ಮೇಷ್ಟ್ರ ಗಾಡಿ

ಜನವರಿ 9, ಬೆಳಿಗ್ಗೆ

ಐಸ್ ಪ್ಯಾಕ್ ಡಬ್ಬಿಗೆ ಹಾಕಿದೆ. ಸೂಜಿ, ಹತ್ತಿ, ಟ್ಯೂಬು, ರಬ್ಬರ್ ಪಟ್ಟಿ — ಎಲ್ಲ ಇದೆ. ಮೊದಲ ಮನೆ ಗುಡ್ಡದ ಮೇಲಿನ ಶುಗರ್ ಅಜ್ಜಿಯದು. ಖಾಲಿ ಹೊಟ್ಟೆಯಲ್ಲಿ ಬಾಗಿಲಿಗೇ ಕಣ್ಣು ನೆಟ್ಟು ಕೂತಿರುತ್ತಾಳೆ. ತಡವಾದರೆ ರಕ್ತಕ್ಕಿಂತ ಮೊದಲು ಬೈಗುಳ ಬರುತ್ತೆ. ಬೆಳಗಿನ ಬಸ್ಸು ನಿಲ್ಲಿಸಿಬಿಟ್ಟಿದ್ದಾರೆ. ನಡಿಗೆಯೇ ಗತಿ.

ಲ್ಯಾಬಿನ ಮ್ಯಾನೇಜರ್ ನಿನ್ನೆ ಮತ್ತೆ — "ಸ್ಯಾಂಪಲ್ ಹೀಗೆ ಲೇಟಾದ್ರೆ ಹೇಗೆ ಮೇಡಂ? ಬೇರೆಯವರೆಲ್ಲ ಗಾಡಿ ಇಟ್ಕೊಂಡಿದ್ದಾರೆ." ಅಂದರೆ, ಗಾಡಿ ಇಲ್ಲದಿದ್ದರೆ ನೀವೂ ಬೇಡ ಅಂತ. ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಕ್ಕ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ ಹೇಳಿದಳು, "ಸ್ಕೂಟರ್ ತಗೊಳ್ಳೇ." ಹೊಸದಕ್ಕೆ ನನ್ನ ಕೈ ಎಟುಕಲ್ಲ. ಹಳೆಯದರಲ್ಲಿ ನೋಡಿದ್ದೆಲ್ಲ ನನಗಿಂತ ಭಾರ. ಸ್ಟ್ಯಾಂಡ್ ಹಾಕೋದಕ್ಕೇ ಇನ್ನೊಬ್ಬರು ಬೇಕು.

ಜನವರಿ 17

ಹಿಟ್ಟಿನ ಗಿರಣಿಯ ಗೋಡೆಯಲ್ಲಿ ಚೀಟಿ ನೋಡಿ ಹೋಗಿದ್ದೆ. ಚಿಕ್ಕ ಟೂ ಸ್ಟ್ರೋಕ್ ಬೈಕ್, ಒಬ್ಬರೇ ಓಡಿಸಿದ್ದು. ನೀರಿನ ಟ್ಯಾಂಕಿನ ಹಿಂದಿನ ಬೀದಿ. ಗೇಟು ತೆಗೆದವರದು ಬಿಳಿ ಬನಿಯನ್ನು, ಸೆಟೆದ ಬೆನ್ನು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರಂತೆ. ರಿಟೈರಾಗಿದ್ದಾರೆ, ಆದರೆ ಅದು ಬೆನ್ನಿಗೆ ಇನ್ನೂ ಗೊತ್ತಾದಂತಿಲ್ಲ.

"ಗಾಡಿ ಯಾರಿಗೆ? ಯಜಮಾನರಿಗಾ?"

"ನನಗೇ ಸರ್. ಯಜಮಾನರಿಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

ಒಳಗಿಂದ ಅವರ ಮನೆಯವರು ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಗಾಡಿ ಶೆಡ್ಡಿನಲ್ಲಿತ್ತು. ಕಪ್ಪು ಟ್ಯಾಂಕು. ಮೊಣಕಾಲು ತಾಗುವ ಕಡೆ ಬಣ್ಣ ಸವೆದು ತಗಡು ಹೊಳೆಯುತ್ತೆ. ಹತ್ತಿ ಕೂತೆ — ಎರಡೂ ಪಾದ ಪೂರ್ತಿ ನೆಲಕ್ಕೆ ಸಿಕ್ಕವು. ಓರೆ ಮಾಡಿ ಎತ್ತಿದೆ. ಎದ್ದಿತು. ನನ್ನ ಅಳತೆಗೇ ಮಾಡಿಸಿದ ಹಾಗಿದೆ. ಮೇಷ್ಟ್ರು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿದರು. ಟಣಟಣಟಣ... ನೀಲಿ ಹೊಗೆ, ಶೆಡ್ಡಿನ ತುಂಬ ಸುಟ್ಟ ಆಯಿಲ್ ವಾಸನೆ. ಕೆಮ್ಮು ಬಂತು. ಚೆನ್ನಾಗಿತ್ತು.

"ಗೇರ್ ಗಾಡಿ ಬರುತ್ತಾ?"

"ಕಲೀತೀನಿ."

"ಹಾಗಾದ್ರೆ ಕಲಿ. ಆಮೇಲೆ ಮಾರ್ತೀನಿ. ಇವತ್ತು ಕೊಟ್ಟು ನಾಳೆ ನೀನು ಚರಂಡಿಗೆ ಬಿದ್ರೆ ಪಾಪ ನನ್ನ ತಲೆಗೆ."

ಗೇಟಿನ ತನಕ ಬಂದ ಮೇಷ್ಟ್ರ ಹೆಂಡತಿ, ಅಮ್ಮಾವ್ರು, ಸಣ್ಣ ದನಿಯಲ್ಲಿ, "ಇವತ್ತೇ ತಗೊಂಡು ಹೋಗಿಬಿಡಮ್ಮ. ತಳ್ಕೊಂಡಾದ್ರೂ ಹೋಗು" ಅಂದರು. ಅಷ್ಟು ಅವಸರ ಯಾಕೋ. ಹೊಗೆ ಸಾಕಾಗಿರಬೇಕು.

ಜನವರಿ 24

ಲರ್ನರ್ಸ್ ಲೈಸೆನ್ಸ್ ಕೈಗೆ ಬಂತು. ಮುಚ್ಚಿಹೋದ ಗೋಡೌನಿನ ಅಂಗಳದಲ್ಲಿ ಪಾಠ. ಮೇಷ್ಟ್ರು ಮಧ್ಯದಲ್ಲಿ, ನಾನು ಸುತ್ತ. ಸರ್ಕಸ್ಸಿನ ಕುದುರೆ.

"ಕ್ಲಚ್ ಬಿಡು... ನಿಧಾನ... ಕೋಳಿಮರಿ ನೆಲಕ್ಕೆ ಬಿಟ್ಟ ಹಾಗೆ ಬಿಡು! ಅಯ್ಯೋ, ಸಾಯಿಸಿದ್ಯಲ್ಲ!"

ಸತ್ತದ್ದು ಎಂಜಿನ್. ಲೆಕ್ಕವಿಲ್ಲದಷ್ಟು ಸಲ ಸತ್ತಿತು. ಬಲಗಾಲಿನ ಮೀನಖಂಡ ಊದಿದೆ.

ಪೆಟ್ರೋಲಿಗೆ ಆಯಿಲ್ ಬೆರೆಸೋದು, ಪ್ಲಗ್ ಬಿಚ್ಚಿ ಮಸಿ ತೆಗೆಯೋದು, ರಿಸರ್ವ್ ತಿರುಗಿಸೋದು — ಎಲ್ಲ ಹೇಳಿಕೊಟ್ಟರು. ಬೈತಾರೆ, ಆದರೆ ಕೀಳು ಮಾಡಲ್ಲ. ಇಂಥ ಮೇಷ್ಟ್ರು ನನಗೆ ಶಾಲೆಯಲ್ಲಿ ಸಿಕ್ಕಿರಲಿಲ್ಲ.

ಫೆಬ್ರವರಿ 2

ಮೂರನೇ ಗೇರ್! ಗೋಡೌನಿನ ಉದ್ದಕ್ಕೂ. ಗಾಳಿ ಕಿವಿಯಲ್ಲಿ ತುಂಬಿ... ಬರೆಯೋಕೆ ಬರಲ್ಲ. ಸಣ್ಣ ಮಗು ಹಾಗೆ ಕೂಗಿಬಿಟ್ಟೆ. ಮೇಷ್ಟ್ರು ಕೇಳಿಸದ ಹಾಗೆ ಆಕಾಶ ನೋಡಿದರು.

ಮಾರೋ ಮಾತು ತೆಗೆದರೆ ಮಾತ್ರ ಜಾರಿಕೊಳ್ತಾರೆ. ಮೊದಲು ಎಂಟು ಹಾಕೋದು ಬರಲಿ. ಆಮೇಲೆ ಇಳಿಜಾರು. ಇವತ್ತು ಹೊಸದು — "ಮಳೇಲಿ ಹೇಗೆ ಬ್ರೇಕ್ ಹಿಡೀತೀಯ, ಅದನ್ನೂ ಒಂದು ಸಲ ನೋಡೋಣ."

"ಮಳೆಗೆ ಇನ್ನೂ ಎಷ್ಟು ತಿಂಗಳಿದೆ ಸರ್!"

"ಅವಸರ ಏನೀಗ?"

ಅಕ್ಕನಿಗೆ ಹೇಳಿದೆ. ಹಲ್ಲಲ್ಲಿ ಕಚ್ಚಿದ್ದ ದಾರ ಬಿಡದೇ ನಕ್ಕಳು. "ಅವರು ಗಾಡಿ ಮಾರ್ತಿಲ್ಲ ಕಣೇ. ನಿನ್ನನ್ನ ಸ್ಕೂಲಿಗೆ ಸೇರಿಸ್ಕೊಂಡಿದ್ದಾರೆ."

ಫೆಬ್ರವರಿ 8

ಇವತ್ತಿನದು ಸರಿಯಾಗಿ ಬರೆದಿಡಬೇಕು.

ಪಾಠ ಮುಗಿದಿತ್ತು. ಮೇಷ್ಟ್ರು ಕೀ ಹಿಡಿದು ಏನೋ ಹೇಳುತ್ತಿದ್ದರು, ಚೈನ್ ಬಿಗಿ ಮಾಡೋ ವಿಚಾರ. ಮಾತು ಅರ್ಧಕ್ಕೇ ನಿಂತಿತು. ಕಣ್ಣು ತೆರೆದೇ ಇದೆ. ನನ್ನ ಕಡೆಗೇ ಇದೆ. ನೋಡುತ್ತಿಲ್ಲ. ಬಾಯಿ ಏನೋ ಅಗಿಯುವ ಹಾಗೆ ಆಡುತ್ತಿತ್ತು, ಬೆರಳು ಅಂಗಿಯ ಗುಂಡಿಯನ್ನು ತಿರುಗಿಸುತ್ತಿತ್ತು. "ಸರ್... ಸರ್..." ಅಂದೆ. ಗೋಡೆಗೆ ಅಂದ ಹಾಗೆ.

ಆಮೇಲೆ ಬಂದರು. ಎಲ್ಲಿಂದಲೋ ವಾಪಸ್ ಬಂದ ಹಾಗೆ. ಕೈಯಲ್ಲಿದ್ದ ಕೀ ನೋಡಿ, "ಇವತ್ತು ಸ್ಟಾರ್ಟ್ ಮಾಡಿದ್ವಾ?" ಅಂದರು.

ಒಂದು ಗಂಟೆಯಿಂದ ಓಡಿಸ್ತಾ ಇದ್ದೆ.

ಮನೆಗೆ ಅವರೇ ಓಡಿಸಿಕೊಂಡು ಹೋದರು. ಹಿಂದೆಯೇ ಓಡಿದೆ, ಡಬ್ಬಿ ಹೊತ್ತುಕೊಂಡು, ಹುಚ್ಚಿಯ ಹಾಗೆ.

ಫೆಬ್ರವರಿ 9

ಮೇಷ್ಟ್ರು ಕ್ಷೌರಕ್ಕೆ ಹೋದ ಹೊತ್ತು ನೋಡಿ ಅಮ್ಮಾವ್ರ ಹತ್ತಿರ ಹೋದೆ. ನಾನು ಬಾಯಿ ಬಿಡುವ ಮೊದಲೇ, "ನೋಡಿದ್ಯಾ?" ಅಂದರು.

ಎರಡು ಸಲ ಬಿದ್ದಿದ್ದಾರೆ. ಒಂದು ಸಲ ನಾಯಿ ಅಡ್ಡ ಬಂತಂತೆ, ಇನ್ನೊಂದು ಸಲ ಜಲ್ಲಿ. ನಾಯಿಯನ್ನು ಬೇರೆ ಯಾರೂ ನೋಡಿಲ್ಲ. ಡಾಕ್ಟರು ಇದೂ ಒಂದು ಥರದ ಫಿಟ್ಸ್, ಮಾತ್ರೆ ತಗೊಳ್ಳಿ, ಗಾಡಿ ಮುಟ್ಟಬೇಡಿ ಅಂದಿದ್ದಾರೆ. ಇವರು ಆ ಡಾಕ್ಟರಿಗೆ ಇನ್ನೂ ಮೀಸೆಯೇ ಬಂದಿಲ್ಲ ಅಂದುಬಿಟ್ಟು ಎದ್ದು ಬಂದರಂತೆ. ಅಮ್ಮಾವ್ರು ಕೀ ಬಚ್ಚಿಟ್ಟರೆ ಇನ್ನೊಂದು ಕೀ. ಪೆಟ್ರೋಲ್ ಖಾಲಿ ಮಾಡಿದರೆ ಬಾಟಲಿ ಹಿಡಿದು ಬಂಕಿಗೆ. ಕಡೆಗೆ ಹಟ ಹಿಡಿದು, ಅತ್ತು, ಮಾರೋಕೆ ಒಪ್ಪಿಸಿದ್ದಾರೆ.

"ಸರಿಯಾದವರು ಸಿಕ್ಕರೆ ಕೊಡ್ತೀನಿ ಅಂದ್ರು. ನೀನು ಸಿಕ್ಕಿದ್ದೀಯ. ಅದಕ್ಕೇ ಪಾಠ ಮುಗೀತಾ ಇಲ್ಲ." ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. "ಹೇಗಾದ್ರೂ ತಗೊಂಡು ಹೋಗು ತಾಯೀ."

ನನಗೆ ಗಾಡಿ ಬೇಕಾಗಿತ್ತು. ಅಷ್ಟೇ ಬೇಕಾಗಿತ್ತು.

ಫೆಬ್ರವರಿ 13

ಕೆಡಿಸಿಬಿಟ್ಟೆ.

ಮೇಷ್ಟ್ರು ತಾವಾಗಿಯೇ ಒಪ್ಪಿದ್ದರು. "ಆಯ್ತು, ತಗೊಂಡು ಹೋಗು. ಒಂದೇ ಷರತ್ತು. ಭಾನುವಾರ ಭಾನುವಾರ ಬರ್ತೀನಿ, ಒಂದು ರೌಂಡ್ ನಾನು ಓಡಿಸ್ತೀನಿ."

ಅಮ್ಮಾವ್ರು ಬಾಗಿಲ ಹತ್ತಿರದಿಂದ ಕಣ್ಣಲ್ಲೇ ಹೇಳಿದರು — ಹೂಂ ಅನ್ನು. ಹೂಂ ಅನ್ನಬಹುದಿತ್ತು. ಭಾನುವಾರ ಬಂದಾಗ ಗಾಡಿ ಕೆಟ್ಟಿದೆ ಅನ್ನಬಹುದಿತ್ತು. ಎಷ್ಟು ಭಾನುವಾರ ಹಾಗನ್ನೋದು? ನಾನು ಸೂಜಿ ಚುಚ್ಚುವ ಮುಂಚೆ ಎಲ್ಲರಿಗೂ ಹೇಳ್ತೀನಿ, ನೋಯುತ್ತೆ ಅಂತ. ಅದೇ ಚಾಳಿ.

"ಸರ್, ಮೊನ್ನೆ ಗೋಡೌನಲ್ಲಿ ಒಂದು ನಿಮಿಷ ನೀವು ಇರಲಿಲ್ಲ."

"ಎಲ್ಲಿಗೆ ಹೋಗಿದ್ದೆ?"

"ನನ್ನೆದುರಿಗೇ ನಿಂತಿದ್ರಿ. ಆದ್ರೆ ಇರಲಿಲ್ಲ. ಕರೆದೆ. ನಿಮಗೆ ಕೇಳಿಸಲಿಲ್ಲ. ಅದು ಗಾಡಿ ಮೇಲೆ ಇದ್ದಾಗ ಬಂದ್ರೆ?"

ಮುಖ ಕೆಂಪಾಯಿತು. "ಫಿಟ್ಸ್ ಅಂದ್ರೆ ಬೀಳ್ತಾರೆ, ಒದ್ದಾಡ್ತಾರೆ, ಬಾಯಲ್ಲಿ ನೊರೆ ಬರುತ್ತೆ. ನನಗೆ ಬಂದಿದೆಯೇನು? ಹೇಳು, ಬಂದಿದೆಯೇನು?" ಅಮ್ಮಾವ್ರ ಕಡೆ ತಿರುಗಿ, "ನೀನು ಹೇಳಿಕೊಟ್ಟೆಯಾ?" ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

"ಗಾಡಿ ಮಾರಾಟಕ್ಕಿಲ್ಲ. ಹೋಗಮ್ಮ."

ಸುಮ್ಮನೆ ಕೀ ಇಸ್ಕೊಂಡು ಬಂದಿದ್ದರೆ ಇಷ್ಟು ಹೊತ್ತಿಗೆ ಗಾಡಿ ನಮ್ಮ ಮನೆ ಮುಂದಿರುತ್ತಿತ್ತು. ಅವರ ಕೈಗೆ ಸಿಗುತ್ತಿರಲಿಲ್ಲ. ನಿಜ ಹೇಳಿ ಅವರಿಗೇ ವಾಪಸ್ ಕೊಟ್ಟು ಬಂದ ಹಾಗಾಯಿತು.

ಮಾರ್ಚ್ 3

ಮತ್ತೆ ನಡಿಗೆ. ಮ್ಯಾನೇಜರ್ ಈ ತಿಂಗಳ ಕೊನೆಯವರೆಗೆ ಟೈಮ್ ಕೊಟ್ಟಿದ್ದಾರೆ. ಬೇರೆ ಎರಡು ಗಾಡಿ ನೋಡಿದೆ. ಒಂದರ ಚಾಸಿ ಬೆಸುಗೆ ಹಾಕಿದ್ದು. ಇನ್ನೊಂದು ಚೆನ್ನಾಗಿತ್ತು, ಮನಸ್ಸು ಬರಲಿಲ್ಲ. ಅಕ್ಕ ಈಗೀಗ ನಗುತ್ತಿಲ್ಲ.

ಮಾರ್ಕೆಟ್ ಹತ್ತಿರ ಆ ಸದ್ದು ಕೇಳಿಸಿತು. ದೂರದಿಂದಲೇ ಗುರುತು ಹತ್ತುತ್ತೆ. ಮೇಷ್ಟ್ರು — ನೆಟ್ಟಗೆ ಕೂತು, ಹ್ಯಾಂಡಲಿಗೆ ತರಕಾರಿ ಚೀಲ ಸಿಕ್ಕಿಸಿಕೊಂಡು. ಎದುರಿಗೆ ಜನ, ಕೈಗಾಡಿ, ಮಗುವನ್ನು ಎತ್ತಿಕೊಂಡ ಹೆಂಗಸು. ಅವರು ತಿರುವು ದಾಟುವ ತನಕ ಕಣ್ಣು ಕೀಳದೆ ನೋಡುತ್ತಾ ನಿಂತಿದ್ದೆ. ನನ್ನನ್ನು ನೋಡಿದರು. ನೋಡದ ಹಾಗೆ ಹೋದರು.

ನೋಡಿದರು ಅನ್ನೋದೇ ಸಮಾಧಾನ.

ಮಾರ್ಚ್ 11

ಮಧ್ಯಾಹ್ನ ಫೋನು. "ನಾನಮ್ಮ... ಡ್ರಿಲ್..." ಆಮೇಲೆ ಬರೀ ಉಸಿರು. ರೈಲ್ವೆ ಗೇಟ್ ಆಚೆ ಇದ್ದೀನಿ, ಬಾ ಅಂದರು. ಮನೇಲಿ ಹೇಳಬೇಡ ಅಂದರು.

ಹಾಲಿನ ವ್ಯಾನಿನವನನ್ನು ಗೋಗರೆದು ಹೋದೆ. ಗೇಟು ದಾಟಿ ಸ್ವಲ್ಪ ದೂರ, ರಸ್ತೆ ಬದಿ, ಕಲ್ಲಿನ ಮೇಲೆ ಕೂತಿದ್ದರು. ಗಾಡಿ ಅಚ್ಚುಕಟ್ಟಾಗಿ ಸ್ಟ್ಯಾಂಡ್ ಮೇಲಿತ್ತು. ಒಂದು ಗೀರೂ ಇಲ್ಲ. ಅವರಿಗೂ ಇಲ್ಲ. ಬೆನ್ನು ಮಾತ್ರ... ಆ ಬೆನ್ನು ಬಾಗಿದ್ದನ್ನು ಮೊದಲ ಸಲ ನೋಡಿದೆ.

"ಗೇಟು ಇನ್ನೂ ಮುಂದಿದೆ ಅಂದ್ಕೊಂಡಿದ್ದೆ. ನೋಡಿದ್ರೆ ನನ್ನ ಹಿಂದಿದೆ." ಬಂದ ರಸ್ತೆ ಕಡೆ ಕೈ ತೋರಿಸಿ, "ಗೇಟಿಗೂ ಮುಂಚೆ ಹೆಣ್ಣುಮಕ್ಕಳ ಶಾಲೆ. ಬಿಡೋ ಹೊತ್ತು. ಅವರ ಮಧ್ಯದಲ್ಲೇ ಬಂದಿರಬೇಕು. ಒಂದು ಮುಖಾನೂ ನೆನಪಿಲ್ಲ ನನಗೆ."

ನನ್ನನ್ನು ಕರೆದದ್ದು ಯಾಕೆ ಅಂತ ಆಗ ಗೊತ್ತಾಯಿತು.

"ಹೋಗಿ ನೋಡ್ಕೊಂಡು ಬಾ. ರಸ್ತೆ ಮೇಲೆ ಏನಾದ್ರೂ... ಯಾರಿಗಾದ್ರೂ... ನನಗೆ ಕಾಲು ಬರ್ತಿಲ್ಲ."

ಹೋದೆ. ನೆಲ ನೋಡುತ್ತಾ ನಡೆದೆ. ದಿನಾ ರಕ್ತ ನೋಡುವವಳು, ಟಾರಿನ ಮೇಲೆ ಆಯಿಲ್ ಕಲೆ ಕಂಡರೂ ಬಗ್ಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಶಾಲೆಯ ಮುಂದೆ ಹುಡುಗಿಯರು ಐಸ್ ಕ್ಯಾಂಡಿ ತಿನ್ನುತ್ತಾ ನಿಂತಿದ್ದರು. ಜಗಳ, ನಗು, ಜಡೆ ಎಳೆದಾಟ. ಎಲ್ಲ ಇದ್ದ ಹಾಗೇ ಇತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾಕಕ್ಕಾ ಹಾಗೆ ನೋಡ್ತೀರಿ ಅಂತ ಒಬ್ಬಳು ಕೇಳಿದಳು.

ಗೇಟಿನವನು ಮಾತ್ರ ಬುಸುಗುಟ್ಟುತ್ತಿದ್ದ. "ಹೊಗೆ ಬಿಡ್ತಾ ಒಂದು ಹೋಯ್ತಲ್ಲ, ನಿಮ್ಮವರಾ? ಗೇಟು ಇಳಿಸ್ತಾ ಇದ್ದೀನಿ, ಕೂಗ್ತಾ ಇದ್ದೀನಿ, ಕಲ್ಲು ಬೊಂಬೆ ಹಾಗೆ ನುಗ್ಗಿಕೊಂಡು ಹೋದ ಮಹಾಶಯ."

ವಾಪಸ್ ಬಂದು ಹೇಳಿದೆ, ಯಾರಿಗೂ ಏನೂ ಆಗಿಲ್ಲ ಅಂತ.

"ಸರಿಯಾಗಿ ನೋಡಿದ್ಯಾ?"

"ಎಲ್ಲರನ್ನೂ ನೋಡಿದೆ ಸರ್."

ಗೇಟಿನವನು ಅಂದದ್ದನ್ನೂ ಹೇಳಿದೆ. ಬಚ್ಚಿಡಬಹುದಿತ್ತು. ಅವರು ತಲೆ ಆಡಿಸಿದರು. ಎದ್ದು ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು. ಜೇಬು ತಡಕಿ ಆ ಇನ್ನೊಂದು ಕೀಯನ್ನೂ ಇಟ್ಟರು.

ಹಿಂದೆ ಕೂರಿಸಿಕೊಂಡು ಬಂದೆ. ನನ್ನನ್ನು ಹಿಡಿದುಕೊಳ್ಳಲಿಲ್ಲ. ಕೈ ಅವರ ಮೊಣಕಾಲ ಮೇಲೇ. ನಾನು ತಪ್ಪು ಗೇರಿನಲ್ಲಿ ಏರು ಹತ್ತಿಸಿದೆ, ಎಂಜಿನ್ ಗೊಣಗಿತು. ಸಿಗ್ನಲ್ಲಿನಲ್ಲಿ ಆಫ್ ಆಯಿತು. ಬೈತಾರೆ ಅಂತ ಕಾದೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚ್ 28

ಗಾಡಿ ನನ್ನ ಹೆಸರಿಗಾಯಿತು. ಮ್ಯಾನೇಜರ್ ಬಾಯಿ ಮುಚ್ಚಿದೆ. ಶುಗರ್ ಅಜ್ಜಿ ಮೂಗು ಮುಚ್ಚಿಕೊಳ್ಳುತ್ತಾಳೆ — "ನೀನು ಬರೋದು ಮೂರು ಬೀದಿಗೆ ಗೊತ್ತಾಗುತ್ತೆ ಕಣೇ ತಾಯಿ!"

ಇವತ್ತು ಲಿಸ್ಟಿನಲ್ಲಿ ಮೇಷ್ಟ್ರ ಹೆಸರಿತ್ತು. ಮಾತ್ರೆ ಶುರು ಮಾಡಿದ್ದಾರಂತೆ, ಅದಕ್ಕೆ ರಕ್ತ ಪರೀಕ್ಷೆ. ತೋಳಿಗೆ ಪಟ್ಟಿ ಕಟ್ಟಿದೆ. "ಮುಷ್ಟಿ ಮಾಡಿ ಸರ್. ನೋಯುತ್ತೆ." ಮುಖ ತಿರುಗಿಸಲಿಲ್ಲ. ಸೂಜಿಯನ್ನೇ ನೋಡುತ್ತಾ ಕೂತರು.

ಮಾತ್ರೆಗೆ ಮಂಪರಂತೆ. ಊಟ ಮಾಡುತ್ತಾ ತೂಕಡಿಸ್ತಾರಂತೆ. "ಉಳಿದರು, ಅಷ್ಟು ಸಾಕು" ಅಂದರು ಅಮ್ಮಾವ್ರು. ಹಾಗಂದು ಖಾಲಿ ಶೆಡ್ಡಿನ ಕಡೆ ನೋಡಿದರು. ಅವರೂ ಆ ಸದ್ದಿಗೆ ಕಿವಿ ಕೊಟ್ಟೇ ಇಷ್ಟು ವರ್ಷ ಬಾಳಿದವರಲ್ಲವೇ.

ಡಾಕ್ಟರನ್ನು ನೋಡೋಕೆ ಹೊರಟಿದ್ದರು. ಬನ್ನಿ ಸರ್, ಆಸ್ಪತ್ರೆಗೆ ನಾನೇ ಬಿಡ್ತೀನಿ ಅಂದೆ. ನಡೆದು ಹೋಗ್ತೀನಿ ಅಂದರು. ತಮ್ಮದೇ ಗಾಡಿಯಲ್ಲಿ, ಒಬ್ಬ ಹೆಂಗಸಿನ ಹಿಂದೆ, ತಮ್ಮದೇ ಬೀದಿಯಲ್ಲಿ — ಹೇಗೆ ಕೂತಾರು? ಮತ್ತೆ ಒತ್ತಾಯಿಸಲಿಲ್ಲ. ಹೊರಡುವಾಗ ಬೇಕಂತಲೇ ದೂರದ ತನಕ ತಳ್ಳಿಕೊಂಡು ಹೋಗಿ ಕಿಕ್ ಹೊಡೆದೆ, ಅವರಿಗೆ ಕೇಳಿಸದಿರಲಿ ಅಂತ. ಕೇಳಿಸಿರುತ್ತೆ.

ಏಪ್ರಿಲ್ 19, ಭಾನುವಾರ ಬೆಳಿಗ್ಗೆ

ಮೇಷ್ಟ್ರು ಬಂದಿದ್ದಾರೆ! ನಡೆದುಕೊಂಡು, ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡು. ಅಕ್ಕ ಟೀ ಕೊಟ್ಟಳು. ಟೀ ಆರುತ್ತಿದೆ, ಅವರು ಬಗ್ಗಿ ಚೈನ್ ನೋಡುತ್ತಿದ್ದಾರೆ. "ಇಷ್ಟು ಸಡಿಲ ಬಿಟ್ಟಿದ್ದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?" ಎಷ್ಟು ದಿನದ ಮೇಲೆ ಬೈಗುಳ. ಕಣ್ಣು ತುಂಬಿ ಬಂತು. ಬಟ್ಟೆ ಬದಲಿಸಿ ಬರ್ತೀನಿ ಅಂತ ಮೇಲೆ ಓಡಿ ಬಂದಿದ್ದೀನಿ.

ಎಲ್ಲಿಗೆ ಸರ್ ಅಂದಿದ್ದಕ್ಕೆ, ನನ್ನ ಮುಖ ನೋಡದೇ ಹೇಳಿದರು — "ಆ ಶಾಲೆಯಿಂದ ಗೇಟಿನ ತನಕ. ಆ ದಿನದ ಅಷ್ಟು ರಸ್ತೆ ನನ್ನ ಹತ್ತಿರ ಇಲ್ಲ. ನೀನು ಓಡಿಸು. ಹಿಂದೆ ಕೂತು ನೋಡ್ತೀನಿ."

ಕೆಳಗೆ ಹಾರ್ನ್ ಹೊಡೀತಿದ್ದಾರೆ. ಬಂದೆ ಸರ್, ಬಂದೆ. ಇವತ್ತು ಅವಸರ ಮಾಡಬಾರದು. ಎರಡನೇ ಗೇರಿನಲ್ಲೇ ಹೋಗಬೇಕು, ಪ್ರತಿಯೊಂದು ಮರ, ಅಂಗಡಿ, ಗೋಡೆ ಅವರಿಗೆ ಕಾಣೋ ಹಾಗೆ, ಆ ಗೇಟಿನ ಹತ್ತಿರ ಬಂದಾಗ — ಮತ್ತೆ ಹಾರ್ನ್. ಉಳಿದದ್ದು ಬಂದ ಮೇಲೆ ಬರೀತೀನಿ.