ಬಾಗಿಲ ಸಂದಿಯ ಸಿಳ್ಳೆ

೨೨ ಫೆಬ್ರವರಿ
ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಹೇಗಿದ್ದೀಯೇ? ಕೆಮ್ಮು ಕಡಿಮೆಯಾಯಿತೇ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಶೆಡ್ಡಿನಿಂದ ಅಪ್ಪನ ಕೂಗು: "ಒಂಚೂರು ಬಾ ಇಲ್ಲಿ, ಇದನ್ನ ಹಿಡ್ಕೋ." ಹಿಡಿದುಕೊಂಡೇ ಚಳಿಗಾಲ ಕಳೆಯಿತು. ಅಪ್ಪನ ಸುದ್ದಿ ಎತ್ತಿದರೆ ನೀನು ಹಾಳೆ ಮಡಿಸಿಡುತ್ತೀಯ ಎಂದು ಗೊತ್ತು. ಈ ಸಲ ಮಾತ್ರ ಕೊನೆಯತನಕ ಓದು.

ನಮ್ಮ ಹಳೇ ಕಾರು ಓಡುವಾಗ ಎಲ್ಲೋ ಗಾಳಿ ನುಗ್ಗಿ ಸಿಳ್ಳೆ ಹೊಡೆಯುತ್ತಿದೆ ಎಂದು ಅಪ್ಪನ ದೂರು. ಬಾಗಿಲ ಸುತ್ತಲಿನ ರಬ್ಬರು ಒಣಗಿ ಸಂದಿ ಬಿಟ್ಟಿದೆ ಎಂದು ಅವರೇ ತೀರ್ಮಾನಿಸಿದರು. ಅಂಥ ಕಾರಿಗೆ ಈಗ ಹೊಸ ರಬ್ಬರು ಎಲ್ಲಿ ಸಿಗಬೇಕು? ಇರುವುದನ್ನೇ ಉಳಿಸಿಕೊಳ್ಳಬೇಕು. ಹರಿಯದ ಹಾಗೆ ಇಂಚಿಂಚಾಗಿ ಎಳೆದು ತೆಗೆದರು. ಕೆಳಗಿನ ಗೋಂದು ಕಲ್ಲಾಗಿತ್ತು. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ಸೋಪು ನೀರು, ಕೈಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷು. ಮೂಲೆ ಗ್ಯಾರೇಜಿನ ಮೆಕ್ಯಾನಿಕ್, ನಿನ್ನ ಬೋಲ್ಟ್ ಮಾಮ, ಬಂದು ನೋಡಿದವನೇ "ಸೀಮೆಎಣ್ಣೆ ಹಚ್ಚಿ ಸಾರ್, ಕೊಳೆ ಹಂಗೇ ಬಿಟ್ಕೊಳ್ಳುತ್ತೆ" ಎಂದ. "ರಬ್ಬರು ಉಬ್ಬಿ ಹಾಳಾಗುತ್ತೆ ಮಾರಾಯ, ದೂರ ಇಡು ಅದನ್ನ!" ಎಂದು ಅಪ್ಪ ಹರಿಹಾಯ್ದರು.

ತೊಳೆದ ರಬ್ಬರುಗಳನ್ನು ನೆರಳಲ್ಲಿ, ಬಟ್ಟೆಯ ಹಗ್ಗದ ಮೇಲೆ ಜೋತುಹಾಕಿದ್ದೆವು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನ್ರೀ, ಹಾವು ಸಾಕ್ತಿದ್ದೀರಾ?" ಎಂದಳು. ನಾನೂ ಅಪ್ಪನೂ ಒಟ್ಟಿಗೆ ನಕ್ಕಿದ್ದು ಅದೇ ಕೊನೆ ಇರಬೇಕು. ಆಮೇಲೆ ಗ್ಲಿಸರಿನ್ ಹಚ್ಚಿ, ಎಳೆಮಗುವಿನ ಕಾಲು ನೀವಿದ ಹಾಗೆ ನೀವಿದರು. ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಎದ್ದು ಬರುವಷ್ಟು ಮೆತ್ತಗಾದವು. ಹೊಸ ಗೋಂದು ಹಾಕಿ ಕೂರಿಸಿದ ಮೇಲೆ, ಕಾಗದದ ಚೂರು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿದರು. ಸಲೀಸಾಗಿ ಬಂದರೆ ಅಲ್ಲಿ ಸಂದಿ ಇದೆ ಎಂದರ್ಥ. ಎಲ್ಲಿ ಎಳೆದರೂ ಕಾಗದ ಹರಿಯಿತೇ ಹೊರತು ಜಾರಲಿಲ್ಲ. ನನ್ನನ್ನು ಒಳಗೆ ಕೂರಿಸಿ ಬೋಲ್ಟ್ ಮಾಮ ಪೈಪಿನಲ್ಲಿ ನೀರು ಬಿಟ್ಟ. ಒಂದು ಹನಿಯೂ ಒಳಗೆ ಬರಲಿಲ್ಲ.

ಆದರೂ ಸಿಳ್ಳೆ ನಿಲ್ಲಲಿಲ್ಲ. "ಕೇಳಿಸ್ತಾ?" ಎನ್ನುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸಿದರೆ, "ನಿನಗೆ ಕಿವಿ ಅಂತ ಒಂದಿದ್ರೆ ತಾನೆ" ಎಂದು ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ಮತ್ತೆ ಬಿಚ್ಚುವುದು, ಮತ್ತೆ ಅಂಟಿಸುವುದು. ಊಟದ ತಟ್ಟೆ ಆರುತ್ತಿತ್ತು. ಒಂದು ಬೆಳಿಗ್ಗೆ ರೋಸಿಹೋಗಿ, ತಮ್ಮ ಪಕ್ಕದ ಬಾಗಿಲಿನ ರಬ್ಬರನ್ನು ಚಾಕುವಿನಿಂದ ತುಂಡು ತುಂಡಾಗಿ ಕತ್ತರಿಸಿ, ಬೇರೆ ಕಾರಿನದೊಂದನ್ನು ತಂದು ತುರುಕಿದರು. ಅದು ದಪ್ಪ, ಬಾಗಿಲು ಸರಿಯಾಗಿ ಮುಚ್ಚುವುದೇ ನಿಂತಿತು.

ಆ ಸಂಜೆ ಬೋಲ್ಟ್ ಮಾಮನೂ ಇದ್ದ. ಕಾರು ಶೆಡ್ಡಿನಲ್ಲಿ ನಿಂತಿತ್ತು, ಇಂಜಿನ್ ಆರಿಸಿಯಾಗಿತ್ತು. ಅಪ್ಪ ಬೆರಳೆತ್ತಿ, "ಶ್! ಈಗ ಕೇಳಿ. ಈಗಲಾದ್ರೂ ಕೇಳಿಸ್ತಾ?" ಎಂದರು. ಎಲೆ ಕೂಡ ಅಲ್ಲಾಡುತ್ತಿರಲಿಲ್ಲ ಗುಬ್ಬಿ. ಹೊರಡುವಾಗ ಬೋಲ್ಟ್ ಮಾಮ ಗೇಟಿನ ಹತ್ತಿರ ನಿಂತು, "ತಪ್ಪು ತಿಳ್ಕೋಬೇಡಿ ಅಕ್ಕ. ನಿಂತ ಗಾಡಿಗೆ ಗಾಳಿ ಎಲ್ಲಿಂದ ನುಗ್ಗಬೇಕು? ಸಾರ್ ಕಿವೀನ ಡಾಕ್ಟ್ರಿಗೆ ತೋರಿಸಿ" ಎಂದ.

ಹೇಗೋ ಪುಸಲಾಯಿಸಿ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅವರ ಬಲಗಿವಿ ಮುಚ್ಚಿ, ಹಿಂದೆ ನಿಂತು ಏನೇನೋ ಕೇಳಿದರು. ಅಪ್ಪ ಎದುರಿನ ಗೋಡೆ ನೋಡುತ್ತಾ ಪ್ರಶ್ನೆಗಾಗಿ ಕಾಯುತ್ತಾ ಕೂತಿದ್ದರು, ಒಳ್ಳೆಯ ವಿದ್ಯಾರ್ಥಿಯ ಹಾಗೆ. ನಾನು ಮುಖ ತಿರುಗಿಸಿಕೊಂಡೆ.

"ಎಡಗಿವಿ ಪೂರ್ತಿ ಹೋಗಿದೆ. ವರ್ಷದ ಮೇಲೇ ಆಗಿರ್ಬೇಕು, ಇನ್ನೊಂದು ಕಿವಿ ಸಂಭಾಳಿಸ್ತಿತ್ತು. ಆ ಸಿಳ್ಳೆ ಕಿವಿದೇ. ಅದು ಹೋಗುತ್ತೆ ಅಂತ ನಾನು ಹೇಳಲಾರೆ" ಎಂದರು ಡಾಕ್ಟರಮ್ಮ.

ಅಪ್ಪ ಕೇಳಿದ್ದು ಒಂದೇ: "ಹಾಗಾದ್ರೆ ರಬ್ಬರು ಚೆನ್ನಾಗೇ ಇತ್ತಾ?"

ಮನೆಗೆ ಬಂದವರೇ ಶೆಡ್ಡಿಗೆ ಹೋಗಿ ಕತ್ತರಿಸಿದ ತುಂಡುಗಳನ್ನೆಲ್ಲ ಹೆಕ್ಕಿ ತೊಡೆಯ ಮೇಲೆ ಜೋಡಿಸಿಕೊಂಡು ಕೂತರು. "ಸುಮ್ಸುಮ್ನೆ ಹಾಳು ಮಾಡಿಬಿಟ್ನಲ್ಲೇ" ಎಂದರು. ಅವರು ಅಳುವುದನ್ನು ನಾನು ಇದುವರೆಗೆ ನೋಡಿರಲಿಲ್ಲ. ಯಾರಿಗೂ ಹೇಳಬೇಡ ಎಂದಿದ್ದಾರೆ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಈಗ ಅವರು ಶೆಡ್ಡಿನ ಕಡೆಗೇ ಹೋಗುವುದಿಲ್ಲ. ಬೋಲ್ಟ್ ಮಾಮ ಆ ತುಂಡುಗಳನ್ನು ಬೆಸೆದು ನೋಡುತ್ತೇನೆಂದು ಒಯ್ದಿದ್ದಾನೆ.

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಡ, ನಡುವೆ ಕೂತುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ನಗುನಗುತ್ತಾ ಬಾಳು ಮಗಳೇ, ನನ್ನ ಆಯಸ್ಸೂ ನಿನಗಿರಲಿ.

ನಿನ್ನ
ಅಮ್ಮ

ವಿ.ಸೂ.: ಇದನ್ನು ಮೇಲೆ ಬರೆಯಲು ಕೈ ಏಳಲಿಲ್ಲ. ನೀನು ಗಂಡನನ್ನು ಬಿಟ್ಟು ಬಂದು ಬಾಡಿಗೆ ಕೋಣೆ ಹಿಡಿದ ಮೇಲೆ, ಕಳೆದ ಮಳೆಗಾಲದಲ್ಲಿ ಕಾರಿನಲ್ಲಿ ಹೋಗುವಾಗ ಧೈರ್ಯ ಮಾಡಿ ಅಪ್ಪನನ್ನು ಕೇಳಿದ್ದೆ: "ಅವಳನ್ನ ಮನೆಗೆ ಕರ್ಕೊಂಡು ಬರೋಣ್ವಾ?" ಮೇಲೆ ಮಳೆ ರಾಚುತ್ತಿತ್ತು. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ತುಟಿ ಬಿಚ್ಚಲಿಲ್ಲ. ಅದನ್ನೇ ಉತ್ತರ ಎಂದುಕೊಂಡು, 'ಅಪ್ಪ ಒಪ್ಪಲಿಲ್ಲ, ಸದ್ಯ ಬರಬೇಡ' ಎಂದು ನಿನಗೆ ಬರೆದೆ. ನಾನು ಕೂತಿದ್ದು ಅವರ ಎಡಗಡೆ. ಈಗ ಬಲಗಡೆ ನಿಂತು ಇನ್ನೊಮ್ಮೆ ಕೇಳಬೇಕು. ನಿನ್ನೆಯಿಂದ ಹತ್ತಿರ ಹೋಗಿ ಹೋಗಿ ವಾಪಸ್ಸು ಬರುತ್ತಿದ್ದೇನೆ. ಈ ಸಲ ಕೇಳಿಸಿಯೂ ಸುಮ್ಮನಿದ್ದುಬಿಟ್ಟರೆ ಏನು ಮಾಡಲೇ?