ಅಜ್ಜಿಯ ಮಂಚಕ್ಕೆ ಬಂದ ಮತಗಟ್ಟೆ

ತಮ್ಮಾ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ಅಜ್ಜಿ ಈಗಷ್ಟೇ ಮಲಗಿದ್ದಾಳೆ, ಎಬ್ಬಿಸಬೇಡ.

ಚುನಾವಣಾ ಕಚೇರಿಯವರು ಬೆಳಿಗ್ಗೆ ನಿಜಕ್ಕೂ ಬಂದರು ಕಣೋ! ಹಾಸಿಗೆ ಹಿಡಿದ ಒಬ್ಬ ಮುದುಕಿಯ ಒಂದೇ ಓಟಿಗೆ ಅಧಿಕಾರಿ, ಪೊಲೀಸ್, ಪೆಟ್ಟಿಗೆ ಹೊತ್ತವರು ಎಲ್ಲರೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. ಮಂಚದ ಸುತ್ತ ರಟ್ಟಿನ ಮರೆ ನಿಲ್ಲಿಸಿದರು. ಅಜ್ಜಿಯ ಕೈ ನಡುಗುತ್ತದಲ್ಲ, ಪೆನ್ನು ಹಿಡಿಸಲು ಹೋದೆ. ಅಧಿಕಾರಿ ಮೇಡಂ ತಡೆದರು.

"ನೀವು ಆಚೆ ಇರಿ. ಅವರೇ ಹಾಕ್ತಾರೆ, ಎಷ್ಟು ಹೊತ್ತಾದ್ರೂ ಕಾಯ್ತೀವಿ."

ಕಾದರು. ಯಾರೂ ಕೆಮ್ಮಲಿಲ್ಲ ಕೂಡ.

ಬಟ್ಟೆ ಒಣಗಿದ್ದರೆ ಒಳಗೆ ತಾ. ಯಾರಿಗೆ ಹಾಕಿದೆ ಅಂತ ಅವಳನ್ನು ಕೇಳಬೇಡ. ನಾನು ಕೇಳಿ ನೋಡಿದೆ. ಗುಟುಕು ನೀರಿಗೂ ನಮ್ಮನ್ನೇ ಕೂಗುವ ಅಜ್ಜಿ ತಲೆಯೆತ್ತಿ, "ಅದು ನಿಂಗ್ಯಾಕೆ?" ಅಂದಳು.

ಅಕ್ಕ